ಕಾಲು ಒತ್ತು ಎಂದ ದೊಡ್ಡವ್ವ

ಬೀದರಿನ ನಮ್ಮ ಓಣಿಯಲ್ಲಿ ಎದುರು ಮನೆಯ ದೊಡ್ಡಪ್ಪ ಲಕ್ವಾ ಹೊಡೆದು ಹಾಸಿಗೆ ಹಿಡಿದ ಮೊದಲ ವಾರ, ನೋಡಲು ಹೋದ ನಾನು ಯಾರನ್ನೂ ಕೇಳದೆ ಅವರ ಹಣೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥನೆ ಮಾಡಿಬಿಟ್ಟೆ. ಹಣೆಗೆ ಆಗತಾನೇ ವಿಭೂತಿ ಹಚ್ಚಿದ್ದರು. ಕೈ ತೆಗೆದಾಗ ಮೂರು ಗೆರೆಗಳಲ್ಲಿ ಒಂದು ಅಳಿಸಿ ನನ್ನ ಅಂಗೈಗೆ ಬಂದಿತ್ತು. ದೊಡ್ಡಪ್ಪನಿಗೆ ಮಾತು ನಿಂತುಹೋಗಿತ್ತು; ಬೇಕು, ಬೇಡ ಎನ್ನುವ ಶಕ್ತಿ ಅವರಲ್ಲಿ ಇರಲಿಲ್ಲ. ಮಗ ಏನೂ ಅನ್ನದೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ನನ್ನನ್ನು ಕಳಿಸಲು ಬಾಗಿಲವರೆಗೆ ಬಂದ ದೊಡ್ಡವ್ವ ಮಾತ್ರ ಮೆಲ್ಲಗೆ ಹೇಳಿದರು: "ತಮ್ಮಾ, ನಿಮ್ಮ ದೇವರಿಗಿ ನೀ ಮನ್ಯಾಗ ಬೇಡ್ಕೊ, ನಾ ಬ್ಯಾಡ ಅನಂಗಿಲ್ಲ. ಇಲ್ಲಿ ಬಂದಾಗ ಅವರ ಕಾಲ ಒತ್ತು."

ಅವರು ನಮಗೆ ರಕ್ತಸಂಬಂಧಿಗಳಲ್ಲ. ಅವರು ಲಿಂಗಾಯತರು, ನಾವು ಮೆಥೊಡಿಸ್ಟ್ ಸಭೆಯವರು. ಚಿಕ್ಕಂದಿನಿಂದ ದೊಡ್ಡಪ್ಪ, ದೊಡ್ಡವ್ವ ಎಂದೇ ಕರೆದು ರೂಢಿ. ಆ ದಿನ ಮನೆಗೆ ಬಂದವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ನಾನು ಮಾಡಿದ್ದು ಕನಿಕರವೇ ಎಂದು ನಂಬಿದ್ದೆ.

ಕನಿಕರದ ಮಾತು ಬಂದಾಗ ನಮ್ಮ ಸಭೆಗಳಲ್ಲಿ ಎಲ್ಲರ ಬಾಯಲ್ಲಿ ಬರುವುದು ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಒಳ್ಳೆಯ ಸಮಾರ್ಯದವನ ಕಥೆ. ಆ ರಾತ್ರಿ ಅದನ್ನು ಮತ್ತೆ ತೆರೆದು ಓದಿದೆ. ಜೆರೂಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕವನು ಅರೆಜೀವವಾಗಿ ಬಿದ್ದಿದ್ದಾನೆ, ಯಾಜಕನೂ ದೇವಾಲಯದ ಸೇವೆಯವನಾದ ಲೇವಿಯನೂ ಪಕ್ಕದಿಂದ ಹಾದುಹೋಗುತ್ತಾರೆ, ಸಮಾರ್ಯದವನು ನಿಲ್ಲುತ್ತಾನೆ. ಯೆಹೂದ್ಯರು ಜೆರೂಸಲೇಮಿನಲ್ಲಿ ಆರಾಧಿಸಿದರೆ ಸಮಾರ್ಯದವರು ಗೆರಿಜ್ಜೀಮ್ ಬೆಟ್ಟವನ್ನು ಪವಿತ್ರವೆಂದು ತಿಳಿದವರು, ಇಬ್ಬರ ನಡುವೆ ಹೊಕ್ಕುಬಳಕೆ ಇರಲಿಲ್ಲ ಎಂಬುದನ್ನು ಭಾನುವಾರದ ಶಾಲೆಯಲ್ಲೇ ಕಲಿತಿದ್ದೆ. ಆದರೆ ಒಂದು ಸಂಗತಿ ಇಷ್ಟು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ದಾರಿಯಲ್ಲಿ ಬಿದ್ದವನು ನಮ್ಮ ದೊಡ್ಡಪ್ಪನಂತೆಯೇ ಬೇಡ ಎನ್ನಲಾರದ ಸ್ಥಿತಿಯಲ್ಲಿದ್ದ. ತನ್ನ ಬೆಟ್ಟದ ಹೆಸರೆತ್ತಿ ಪ್ರಾರ್ಥಿಸಲು, ಎಚ್ಚರವಾದ ಮೇಲೆ ನಾಲ್ಕು ಮಾತು ಹೇಳಲು ಸಮಾರ್ಯದವನಿಗೆ ಬೇಕಾದಷ್ಟು ಅವಕಾಶವಿತ್ತು. ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಬಟ್ಟೆ ಕಟ್ಟಿದ, ತನ್ನ ಸವಾರಿಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ, ಮರುದಿನ ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿ, ಛತ್ರದವನ ಕೈಗಿಟ್ಟು ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದು ಹೇಳಿ ಹೋದ. ಗಾಯಗೊಂಡವನು ಮುಂದೆ ಯಾವ ಬೆಟ್ಟಕ್ಕೆ ಹೋದನೆಂದು ಯೇಸು ಹೇಳುವುದೇ ಇಲ್ಲ.

ಅಲ್ಲಿ 'ಕನಿಕರಪಟ್ಟನು' ಎಂಬ ಅರ್ಥ ಕೊಡುವ ಗ್ರೀಕ್ ಕ್ರಿಯಾಪದ ಹುಟ್ಟಿರುವುದು ಕರುಳು ಎಂಬ ಪದದಿಂದ. ಲೂಕನು ಅದನ್ನು ಮೂರೇ ಕಡೆ ಬಳಸುತ್ತಾನೆ: ನಾಯಿನ್ ಊರಿನ ವಿಧವೆಯನ್ನು ಯೇಸು ಕಂಡಾಗ, ಈ ಸಮಾರ್ಯದವನ ಕಥೆಯಲ್ಲಿ, ಮತ್ತು ತಪ್ಪಿಹೋದ ಮಗ ದೂರದಲ್ಲಿ ಬರುವುದನ್ನು ತಂದೆ ನೋಡಿದಾಗ. ಕರುಳು ಚುರುಕ್ ಅಂತು ಎನ್ನುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಇರಿಸುಮುರಿಸಿನ ಮಾತೂ ಆ ಕಥೆಯಲ್ಲಿದೆ. ಉಪಕಾರ ಮಾಡಿದವನು ಪರಮತದವನು. ನಮ್ಮ ಮನೆತನಕ್ಕೆ ವಿಶ್ವಾಸ ಬಂದದ್ದು ನಿಜಾಮರ ಕಾಲದಲ್ಲಿ, ಮಿಷನ್ನಿನ ಶಾಲೆ ಮತ್ತು ಔಷಧಿಯ ಜೊತೆಗೆ; ಹಾಗಾಗಿ ಕ್ರೈಸ್ತನೆಂದರೆ ಕೊಡುವವನು, ಮಿಕ್ಕವರು ಪಡೆಯುವವರು ಎಂಬ ಎಣಿಕೆ ನಮ್ಮ ತಲೆಯಲ್ಲಿ ಎಲ್ಲೋ ಕೂತಿದೆ. ಆದರೆ ನಮ್ಮಪ್ಪ ತೀರಿಕೊಂಡಾಗ ಮೂರು ದಿನ ಒಲೆ ಹೊತ್ತದ ನಮ್ಮ ಮನೆಗೆ ಜೋಳದ ರೊಟ್ಟಿ, ಪುಂಡಿಪಲ್ಯ ಬಂದದ್ದು ದೊಡ್ಡವ್ವನ ಮನೆಯಿಂದ. ಸಮಾಧಿಯ ಕುಣಿ ತೋಡಿಸಲು ಬೆಳಗಿನಿಂದ ಬಿಸಿಲಲ್ಲಿ ನಿಂತವರು ಹಿಂದಿನ ಮನೆಯ ಸಾಬರು. ಅವರಾರೂ ಅದನ್ನು ಸೇವೆ ಎಂದು ಕರೆಯಲಿಲ್ಲ.

ಊಟದ ವಿಷಯದಲ್ಲಿ ಮಾತ್ರ ನಮ್ಮವರಲ್ಲಿ ಅಳುಕು ಇನ್ನೂ ಹೋಗಿಲ್ಲ. ಕ್ರಿಸ್ಮಸ್ಸಿನ ಆಸುಪಾಸಿನಲ್ಲೇ ನಮ್ಮ ಭಾಗದ ಎಳ್ಳಮವಾಸ್ಯೆ ಬರುತ್ತದೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದ ಸಂಜೆ ದೊಡ್ಡವ್ವ ಹಸಿಕಾಳಿನ ಭಜ್ಜಿ, ಸಜ್ಜೆ ರೊಟ್ಟಿ ಕಳಿಸುತ್ತಾರೆ. ನಮ್ಮ ಮನೆಯ ಕೇಕು ಅದೇ ಡಬ್ಬಿಯಲ್ಲಿ ವಾಪಸು ಹೋಗುತ್ತದೆ. ಭೂಮಿತಾಯಿಗೆ ಎಡೆಯಾದದ್ದನ್ನು ತಿನ್ನಬಹುದೇ ಎಂದು ಸಭೆಯಲ್ಲಿ ಪ್ರತಿ ವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹತ್ತನೆಯ ಅಧ್ಯಾಯದಲ್ಲಿ ಪೌಲನು, ನಂಬದವರ ಮನೆಗೆ ಊಟಕ್ಕೆ ಹೋದರೆ ಬಡಿಸಿದ್ದನ್ನು ವಿಚಾರಿಸದೆ ತಿನ್ನಿರಿ ಎನ್ನುತ್ತಾನೆ. ಅದರ ಬೆನ್ನಿಗೇ, ಇದು ನೈವೇದ್ಯ ಎಂದು ಯಾರಾದರೂ ಹೇಳಿದರೆ ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ತಿನ್ನಬೇಡಿರಿ ಎಂದೂ ಬರೆಯುತ್ತಾನೆ. ನಮ್ಮವರು ಎರಡನೆಯದನ್ನು ಗಟ್ಟಿಯಾಗಿ ಓದುತ್ತಾರೆ, ಮೊದಲನೆಯದನ್ನು ಮೆಲ್ಲಗೆ. ನಾನು ತಿನ್ನುತ್ತೇನೆ. ತಿನ್ನದವರನ್ನು ಹಳಿಯುವುದಿಲ್ಲ, ಆದರೆ ಡಬ್ಬಿಯನ್ನು ಒಳಗೆ ತೆಗೆದುಕೊಂಡು ಆಮೇಲೆ ಚೆಲ್ಲುವುದು ನನಗೆ ಹಿಡಿಸದು.

2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರದ ಕಾಯ್ದೆ ಬಂದಾಗ 'ಆಮಿಷ' ಎಂಬ ಶಬ್ದ ಎಲ್ಲರ ಬಾಯಲ್ಲಿತ್ತು. ಒಂದು ಸೇರು ಅಕ್ಕಿ ಕೊಟ್ಟರೂ ಸಂಶಯದಿಂದ ನೋಡುವ ದಿನಗಳು ನಮ್ಮವರಿಗೆ ನೋವು ತಂದವು, ಅದರಲ್ಲಿ ಅನ್ಯಾಯವೂ ಇತ್ತು. ಆದರೂ ನನ್ನ ಅಂಗೈಗೆ ಬಂದ ಆ ವಿಭೂತಿಯನ್ನು ನೆನೆದಾಗ, ಎದುರಿನವರ ಸಂಶಯಕ್ಕೆ ನನ್ನದೂ ಒಂದು ಪಾಲಿದೆ ಎಂದು ಒಪ್ಪಲೇಬೇಕಾಗುತ್ತದೆ. ಹಾಗಾದರೆ ಸಾಕ್ಷಿ ಹೇಳುವುದೇ ಬೇಡವೇ ಎಂದು ಸಭೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ಪೇತ್ರನ ಮೊದಲನೆಯ ಪತ್ರ ಹೇಳುವುದು, ನಿಮ್ಮ ನಿರೀಕ್ಷೆಗೆ ಕಾರಣವನ್ನು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಅದನ್ನೂ ಸಾತ್ವಿಕತೆಯಿಂದ, ಗೌರವದಿಂದ ಕೊಡಿರಿ ಎಂದು. ಕೇಳುವವರೆಗೆ ಕಾಯಬೇಕು ಎಂದೇ ನಾನು ಅದನ್ನು ಓದಿಕೊಂಡಿದ್ದೇನೆ. ಹಿರಿಯರಿಗೆ ಈ ಉತ್ತರ ಹಿಡಿಸಲಿಲ್ಲ.

ದೊಡ್ಡಪ್ಪ ಮುಂದೆ ಏಳು ತಿಂಗಳು ಇದ್ದರು. ಆಫೀಸಿನಿಂದ ಬಂದ ಮೇಲೆ ಹೋಗಿ ಅರ್ಧ ತಾಸು ಕಾಲು ಒತ್ತುತ್ತಿದ್ದೆ. ಎಡಗಾಲು ತಣ್ಣಗೆ, ಕಟ್ಟಿಗೆಯಂತೆ ಇರುತ್ತಿತ್ತು. ಬಲಗಾಲಿನ ಹೆಬ್ಬೆರಳನ್ನು ಮಾತ್ರ ಒಮ್ಮೊಮ್ಮೆ ಅವರು ನನ್ನ ಕೈಗೆ ತಾಗಿಸುತ್ತಿದ್ದರು. ಮಗ ಮೊದಲ ತಿಂಗಳು ನಾನು ಬಂದಾಗ ಹೊರಗೆ ಹೋಗುತ್ತಿದ್ದ, ಆಮೇಲಾಮೇಲೆ ಎಣ್ಣೆಯ ಬಟ್ಟಲು ತಂದು ಪಕ್ಕಕ್ಕಿಡತೊಡಗಿದ. ಪ್ರಾರ್ಥನೆ ನಮ್ಮ ಮನೆಯಲ್ಲೇ ನಡೆಯಿತು.

ಅವರನ್ನು ಕೂರಿಸಿಯೇ ಮಣ್ಣು ಮಾಡಿದರು. ಜಂಗಮರು ಮಂತ್ರ ಹೇಳುತ್ತಿದ್ದಾಗ ಯಾರೋ ಪತ್ರಿಯ ತಟ್ಟೆಯನ್ನು ನನ್ನ ಕಡೆ ಚಾಚಿದರು. ನಾನು ತಡವರಿಸಿದೆ. ಮಗ ಅದನ್ನು ನೋಡಿ, ತಟ್ಟೆಯನ್ನು ಮುಂದಿನವರಿಗೆ ದಾಟಿಸಿ, ಕುಣಿಯ ಅಂಚಿನಲ್ಲಿ ನನಗೆ ಜಾಗ ಬಿಟ್ಟ. ಒಂದು ಹಿಡಿ ಮಣ್ಣು ಹಾಕಿದೆ. ನಮ್ಮಲ್ಲೂ ಹಾಕುವುದು ಅದನ್ನೇ.

ತಿಂಗಳ ಮೇಲೆ ಒಂದು ಸಂಜೆ ದೊಡ್ಡವ್ವ ತಾವಾಗಿಯೇ ಕೇಳಿದರು: "ತಮ್ಮಾ, ಮನ್ಯಾಗ ಬೇಡ್ಕೊತಿದ್ದೆಲ್ಲ, ಏನಂತ ಬೇಡ್ಕೊತಿದ್ದಿ?"

"ದೊಡ್ಡಪ್ಪಗ ನಿದ್ದಿ ಹತ್ತಲಿ ಅಂತ" ಎಂದೆ.

"ನೀ ಕಾಲ ಒತ್ತಿದಾಗ ಹತ್ತತಿತ್ತು. ರಾತ್ರಿ ಎಲ್ಲಿ ಹತ್ತತಿತ್ತೋ" ಎಂದು ನಕ್ಕು, ಚಹಾ ಇಡಲು ಎದ್ದರು.