ಎರೆ ಮಣ್ಣಿನ ಮಳೆಗಾಲ ಮತ್ತು ಚಂದ್ರಿಯ ಹಿಂಗಾಲುಗಳು

ಚಿಕ್ಕೋಡಿ ತಾಲ್ಲೂಕಿನ ಕೃಷ್ಣಾ ದಂಡೆಯ ಎರೆ ಮಣ್ಣು ಮಳೆ ಹಿಡಿದ ಮೇಲೆ ಹೇಗಿರುತ್ತದೆಂಬುದು ಅದರಲ್ಲಿ ನಡೆದವರಿಗೇ ಗೊತ್ತು. ಮನುಷ್ಯರ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಆ ರಾಡಿ ಕುದುರೆಯ ಗೊರಸಿನ ಮೇಲಿನ ತಗ್ಗಿನಲ್ಲಿ ಮೆತ್ತಿಕೊಂಡರೆ ಹೊತ್ತು ಮುಳುಗಿದರೂ ಒಣಗುವುದಿಲ್ಲ. ಅಂಕಲಿಯ ಶಿತೋಳೆ ಸರ್ದಾರ ಮನೆತನದ ಅಶ್ವಗಳು ಜ್ಞಾನೇಶ್ವರ ಮಹಾರಾಜರ ಪಾಲಖಿಗಾಗಿ ಪ್ರತಿವರ್ಷ ಪುಣೆ ಹತ್ತಿರದ ಆಳಂದಿಗೆ ಹೊರಡುತ್ತವೆ. ಅವು ಹೊರಟವೆಂದರೆ ಮಳೆಗಾಲ ಹತ್ತಿರ ಬಂತೆಂದೇ ನಮ್ಮ ಲೆಕ್ಕ. ನಮ್ಮ ಮನೆಯ ಹೆಣ್ಣು ಕುದುರೆ ಚಂದ್ರಿಯ ಕಾಲಿಗೆ ಹುಣ್ಣು ಕಾಣಿಸಿಕೊಂಡದ್ದು ಅಂಥದೊಂದು ಮಳೆಗಾಲದಲ್ಲಿ, ಕಾರಹುಣ್ಣಿಮೆ ಕಳೆದು ಜಿಟಿಜಿಟಿ ಮಳೆ ಬಿಡದೆ ಸುರಿಯುತ್ತಿದ್ದ ದಿನಗಳಲ್ಲಿ.

ಚಂದ್ರಿಯದು ಕಂದು ಮೈ. ಮೂಗಿನ ಮೇಲೊಂದು ಬಿಳಿ ಪಟ್ಟೆ, ಕಾಲುಗಳಲ್ಲಿ ಹಿಂದಿನ ಎರಡು ಮಾತ್ರ ಗಿಣ್ಣಿನವರೆಗೆ ಬಿಳಿ. ಲಾಳ ನೋಡಲೆಂದು ಎಡಗಾಲನ್ನು ಎತ್ತಿ ಹಿಡಿದಾಗ ಅದು ಎಂದೂ ಇಲ್ಲದಂತೆ ಕಾಲನ್ನು ಜಗ್ಗಿಕೊಂಡಿತು. ಹಿಮ್ಮಡಿಯ ಮೇಲಿನ ಕೂದಲೊಳಗೆ ಬೆರಳಾಡಿಸಿದರೆ ಒಣಗಿದ ಮಣ್ಣಿನಂಥ ಗಟ್ಟಿ ಹರಳುಗಳು ಸಿಕ್ಕವು. ಅವು ಮಣ್ಣಲ್ಲ, ಹಕ್ಕಳೆಗಳು. ಸಡಿಲವಾಗಿದ್ದ ಒಂದು ಹಕ್ಕಳೆ ಕೂದಲಿನ ಗೊಂಚಲಿನೊಡನೆಯೇ ಕೈಗೆ ಬಂದಿತು. ತಿರುಗಿಸಿ ನೋಡಿದರೆ ಬಣ್ಣ ಬಳಿಯುವ ಕುಂಚದಂತೆ ಕೂದಲುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬುಡದಲ್ಲಿ ಹಳದಿ ಕೀವು ತೆಳುವಾಗಿ ಜಿನುಗುತ್ತಿತ್ತು, ಅದು ಕಿತ್ತುಬಂದ ಜಾಗದಲ್ಲಿ ಚರ್ಮ ಹಸಿ ಹಸಿಯಾಗಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಗಿಣ್ಣಿನ ಸುತ್ತ ಸ್ವಲ್ಪ ಬಾವೂ ಇತ್ತು.

ನಮ್ಮ ಕಾಕಾ ಅರಿಶಿಣ ಕಲಸಿದ ಎಣ್ಣೆಯನ್ನು ದಪ್ಪಗೆ ಹಚ್ಚೋಣವೆಂದರು. ಅವರ ಕಾಳಜಿಯಲ್ಲಿ ಕೊರತೆಯಿರಲಿಲ್ಲ. ಆದರೆ ಒದ್ದೆ ಹುಣ್ಣಿನ ಮೇಲೆ ಜಿಡ್ಡು ಬಳಿದರೆ ತೇವವೂ ರೋಗಾಣುವೂ ಒಳಗೇ ಉಳಿಯುತ್ತವೆಂಬ ಕಾರಣಕ್ಕೆ ನಾನು ಒಪ್ಪಲಿಲ್ಲ. ಅಂದೇ ಮಧ್ಯಾಹ್ನ ಪಶುವೈದ್ಯರನ್ನು ಕರೆತಂದೆವು. ಅವರು ಮೊದಲು ನೋಡಿದ್ದು ಕಾಲನ್ನಲ್ಲ, ಮೂಗನ್ನು. ಮೂಗಿನ ಮೇಲಿನ ಬಿಳಿ ಪಟ್ಟೆಯಲ್ಲಿಯೂ ಸುಟ್ಟಂಥ ಗಾಯವಿದ್ದರೆ ಯಕೃತ್ತಿನ ತೊಂದರೆಯಿಂದಲೋ ಕೆಲವು ವಿಷಗಿಡಗಳನ್ನು ಮೇಯ್ದದ್ದರಿಂದಲೋ ಬಿಳಿ ಚರ್ಮಕ್ಕೆ ಬಿಸಿಲು ತಾಳದೆ ಹೀಗಾಗಬಹುದು, ಆಗ ಚಿಕಿತ್ಸೆಯೇ ಬೇರೆ ಎಂದರು. ರಾತ್ರಿ ಕಾಲು ಬಡಿಯುತ್ತದೆಯೇ, ತುರಿಸಿಕೊಳ್ಳುತ್ತದೆಯೇ ಎಂದೂ ವಿಚಾರಿಸಿದರು. ಕಾಲಿನ ಕೂದಲಲ್ಲಿ ನುಸಿ ಸೇರಿಕೊಂಡಾಗಲೂ ಇಂಥ ಹಕ್ಕಳೆಗಳೇ ಏಳುತ್ತವೆಯಂತೆ. ಚಂದ್ರಿಯಲ್ಲಿ ಇವೆರಡರ ಲಕ್ಷಣವೂ ಇರಲಿಲ್ಲ. ಇದು ಮಳೆಗಾಲದಲ್ಲಿ ಕುದುರೆಗಳಿಗೆ ಬರುವ ಮಡ್ ಫೀವರ್ ಎಂಬ ಚರ್ಮರೋಗವೆಂದು ಅವರು ಖಚಿತಪಡಿಸಿದರು.

ಈ ರೋಗದ ಮೂಲದಲ್ಲಿ ಹೆಚ್ಚಾಗಿ ಸಿಗುವ ಬ್ಯಾಕ್ಟೀರಿಯಾದ ಹೆಸರು ಡರ್ಮಟೋಫಿಲಸ್ ಕಾಂಗೋಲೆನ್ಸಿಸ್. ಅದನ್ನು 1915ರಲ್ಲಿ ಕಾಂಗೋದಲ್ಲಿ, ದನಗಳ ಚರ್ಮರೋಗದಲ್ಲಿ ಮೊದಲು ಗುರುತಿಸಿದರು. ಗಟ್ಟಿಯಾದ, ಒಣಗಿದ ಚರ್ಮವನ್ನು ಅದು ಸುಲಭವಾಗಿ ಭೇದಿಸಲಾರದು. ಚರ್ಮ ನೆನೆನೆನೆದು ಮೆತ್ತಗಾಗಿ, ಮಣ್ಣಿನ ಕಣಗಳು ಉಜ್ಜಿ ಸಣ್ಣ ತರಚುಗಳಾದಾಗಲೇ ಅದಕ್ಕೆ ದಾರಿ. ಹಕ್ಕಳೆಯೊಳಗೆ ತಿಂಗಳುಗಟ್ಟಲೆ ಸುಮ್ಮನೆ ಕುಳಿತಿರುವ ಅದರ ಬೀಜಾಣುಗಳು ನೀರು ತಾಗಿದೊಡನೆ ಹೊರಬಂದು ಈಜಿಕೊಂಡು ಪಕ್ಕದ ಚರ್ಮಕ್ಕೆ ಹರಡುತ್ತವೆ. ಹೀಗಾಗಿ ರಾಡಿಗಿಂತ ತೇವದ ಮೇಲೆಯೇ ನಾವು ಹೆಚ್ಚು ಕಣ್ಣಿಡಬೇಕು. ಹೊಲದಿಂದ ಬಂದ ಜಾನುವಾರನ್ನು ಪಂಪ್‌ಸೆಟ್ಟಿನ ನೀರಿಗೆ ಒಡ್ಡಿ ಕಾಲು ತೊಳೆದು ಹಾಗೆಯೇ ಕಟ್ಟುವುದು ನಮ್ಮ ಭಾಗದ ಬಹುದಿನದ ರೂಢಿ. ಎತ್ತುಗಳಿಗೆ ಅದು ಹೇಗಾದರೂ ನಡೆಯಲಿ, ಮಳೆಗಾಲದಲ್ಲಿ ಬಿಳಿಗಾಲಿನ ಕುದುರೆಗೆ ದಿನಕ್ಕೆರಡು ಸಲ ಹಾಗೆ ಮಾಡುವುದೆಂದರೆ ರೋಗವನ್ನು ಕರೆದು ಕೂಡಿಸಿದಂತೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚಿಕಿತ್ಸೆಯನ್ನು ವೈದ್ಯರು ಎದುರಿಗೆ ನಿಂತು ಮಾಡಿಸಿದರು. ಕಾಲಿನ ಉದ್ದ ಕೂದಲನ್ನು ಕತ್ತರಿಯಿಂದ ಮೆಲ್ಲಗೆ ಸವರಿ ಗಾಳಿಯಾಡುವಂತೆ ಮಾಡಿದೆವು. ಉಗುರುಬೆಚ್ಚಗಿನ ನೀರಿಗೆ ರೋಗಾಣು ಕೊಲ್ಲುವ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣ ಬರುವಷ್ಟೇ ಬೆರೆಸಿ, ಹಕ್ಕಳೆಗಳ ಮೇಲೆ ಹತ್ತಿಯಿಂದ ಒತ್ತಿ ಹಿಡಿದು ಹತ್ತು ನಿಮಿಷ ನೆನೆಸಿದೆವು. ಅವಸರದಿಂದ ನಾನು ಒಂದಕ್ಕೆ ಉಗುರು ಹಾಕುವುದರಲ್ಲಿದ್ದಾಗ ಅವರು ತಡೆದು, "ತಮ್ಮಾ, ಕೀಳಬ್ಯಾಡ. ನೆನದದ್ದು ತಾನಾಗೇ ಬರತೈತಿ, ಬರಲಾರದ್ದನ್ನ ನಾಳಿಗೆ ಬಿಡು" ಎಂದರು. ಅಂಟಿಕೊಂಡಿರುವುದನ್ನು ಎಳೆದರೆ ಹೊಸ ಚರ್ಮವೂ ಹರಿಯುತ್ತದೆ, ಕುದುರೆಗೆ ಜೀವ ಹೋಗುವಷ್ಟು ನೋವಾಗುತ್ತದೆ, ಮರುದಿನ ಕಾಲು ಮುಟ್ಟಲೂ ಬಿಡುವುದಿಲ್ಲ. ಉದುರಿದ ಹಕ್ಕಳೆಗಳನ್ನು ಕಾಗದದಲ್ಲಿ ಸುತ್ತಿ ಸುಟ್ಟೆವು, ಏಕೆಂದರೆ ಅವು ನೆಲದಲ್ಲಿ ಬಿದ್ದರೆ ರೋಗ ಅಲ್ಲಿಯೇ ಉಳಿಯುತ್ತದೆ. ಮನುಷ್ಯರ ಕೈಗೂ ಅದು ಅಂಟಬಹುದಾದ್ದರಿಂದ ರಬ್ಬರ್ ಕೈಗವಸು ಹಾಕಿಕೊಂಡೇ ಇದೆಲ್ಲವನ್ನೂ ಮಾಡಬೇಕು.

ಬಳಿಕ ಔಷಧದ ನೀರನ್ನು ಶುದ್ಧ ನೀರಿನಿಂದ ತೊಳೆದು, ಹಳೆಯ ನೂಲಿನ ಟವೆಲ್ಲುಗಳಿಂದ ಒತ್ತಿ ಒತ್ತಿ ಒರೆಸಿದೆವು. ಉಜ್ಜಬಾರದು, ಒತ್ತಬೇಕು. ಹಿಮ್ಮಡಿಯ ಮಡಿಕೆಯಲ್ಲಿ ತೇವ ಅಡಗಿರುತ್ತದೆ. ಅಲ್ಲಿಗೆ ಅವ್ವ ಹಳೆಯ ಧೋತರದ ತುಂಡನ್ನು ಬೆರಳಿಗೆ ಸುತ್ತಿಕೊಂಡು ಒರೆಸುತ್ತಿದ್ದಳು. ಪೂರ್ತಿ ಒಣಗಿದೆಯೆಂದು ಅಂಗೈಗೆ ತಿಳಿದ ಮೇಲೆಯೇ ವೈದ್ಯರು ಬರೆದುಕೊಟ್ಟ ಮುಲಾಮನ್ನು ತೆಳುವಾಗಿ ಹಚ್ಚುತ್ತಿದ್ದೆವು. ಬಾವು ಇದ್ದುದರಿಂದ ಅವರು ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರು. ಕುದುರೆಗಳಿಗೆ ಧನುರ್ವಾಯು ಬಹುಬೇಗ ತಗಲುತ್ತದೆಂದು ಅದರ ಲಸಿಕೆಯನ್ನೂ ಹಾಕಿದರು. ಬಾವು ಮೊಣಕಾಲಿನತ್ತ ಏರಿದರೆ, ಕುಂಟಿದರೆ, ಮೈ ಬಿಸಿಯಾದರೆ, ಮೇವು ಬಿಟ್ಟರೆ ಹೊತ್ತುಗೊತ್ತು ನೋಡದೆ ಕರೆಯಬೇಕೆಂದು ಹೇಳಿಹೋದರು. ಹಾಗಾಗಲಿಲ್ಲ. ಬಾವು ಬೇಗನೆ ಇಳಿಯಿತು. ಹುಣ್ಣು ಮಾಯಲು ಮಾತ್ರ ವಾರಗಳೇ ಹಿಡಿದವು, ನಾಗರಪಂಚಮಿಯ ಹೊತ್ತಿಗೆ ಹೊಸ ಬಿಳಿ ಕೂದಲು ಮೊಳೆಯಿತು.

ಆ ವಾರಗಳಲ್ಲಿ ಚಂದ್ರಿಯನ್ನು ಒಣ ನೆಲದಲ್ಲಿಯೇ ಕಟ್ಟಿದ್ದೆವು. ನಿಲ್ಲುವ ಜಾಗಕ್ಕೆ ಮುರುಮ, ಎಂದರೆ ಗರಸು ಮಣ್ಣು, ಹಾಕಿಸಿ, ಹಿಂದಕ್ಕೆ ಇಳಿಜಾರು ಕೊಟ್ಟು, ಮೂತ್ರ ಹರಿದುಹೋಗಲು ಸಣ್ಣ ಕಾಲುವೆ ತೆಗೆಸಿದೆವು. ಮೇಲೆ ಹಾಸಿದ ಕಬ್ಬಿನ ಒಣ ರವದಿಯನ್ನು (ಸೋಗೆಯನ್ನು) ಒದ್ದೆಯಾದೊಡನೆ ಬದಲಿಸುತ್ತೇವೆ. ಹೊಲದಿಂದ ಬಂದ ಕುದುರೆಯ ಕಾಲಿನ ರಾಡಿಗೆ ಈಗ ನೀರು ಮುಟ್ಟಿಸುವುದಿಲ್ಲ. ಒಣಗಲು ಬಿಟ್ಟು, ಆಮೇಲೆ ಮೆದು ಬ್ರಷ್ಷಿನಿಂದ ಉದುರಿಸುತ್ತೇವೆ. ತೊಳೆಯಲೇಬೇಕಾದ ದಿನ, ಒರೆಸಿ ಒಣಗಿಸುವಷ್ಟು ಸಮಯವಿದ್ದರೆ ಮಾತ್ರ ತೊಳೆಯುತ್ತೇವೆ. ನೀರು ತಡೆಯುವ ಮುಲಾಮನ್ನು ಮಳೆಗೆ ಹೊರಡುವ ಮುನ್ನ ಒಣಗಿದ, ಹುಣ್ಣಿಲ್ಲದ ಚರ್ಮಕ್ಕೆ ಮಾತ್ರ ಹಚ್ಚುತ್ತೇವೆ. ಚಂದ್ರಿಯ ಬ್ರಷ್ಷು, ಟವೆಲ್ಲುಗಳನ್ನು ಬೇರೆ ಜಾನುವಾರಿಗೆ ಬಳಸುವುದಿಲ್ಲ, ಏಕೆಂದರೆ ಈ ಬ್ಯಾಕ್ಟೀರಿಯಾ ಎಮ್ಮೆ, ದನ, ಆಡುಗಳಿಗೂ ಹತ್ತುತ್ತದೆ.

ಒಮ್ಮೆ ಬಂದ ಕಾಲಿಗೆ ಇದು ಮತ್ತೆ ಬರುವ ಸಂಭವ ಹೆಚ್ಚು. ಆದ್ದರಿಂದ ಮಳೆಗಾಲದಲ್ಲಿ ದಿನವೂ ಸಂಜೆ ನಾಲ್ಕೂ ಕಾಲುಗಳ ಕೂದಲನ್ನು ಹಿಂದಕ್ಕೆ ಸರಿಸಿ ಬೆರಳಿನಿಂದ ತಡವಿ ನೋಡುತ್ತೇವೆ. ಕಣ್ಣಿಗೆ ಬೀಳುವ ಮುನ್ನವೇ ಮೊದಲ ಹಕ್ಕಳೆ ಬೆರಳಿಗೆ ಸಿಗುತ್ತದೆ. ಬಾವಿಯ ಹಾದಿಯ ಗೇಟಿನ ಹತ್ತಿರ ದನಗಳು ತುಳಿದು ತುಳಿದು ರಾಡಿಯೆಬ್ಬಿಸುವ ಜಾಗ ಇನ್ನೂ ಹಾಗೆಯೇ ಇದೆ. ಬರುವ ರೋಹಿಣಿ ಮಳೆಗೆ ಮೊದಲು ಅಲ್ಲಿಗೂ ಎರಡು ಟ್ರಾಲಿ ಮುರುಮ ಬೀಳಬೇಕು.