ಟೀಟಾಗಢದ ನೀಲಿ ಎಳೆ

ಕಂಬಳಿ ನೀರು ಕುಡಿದರೆ ಎಷ್ಟು ಭಾರ ಆಗುತ್ತದೆ ಅಂತ ನನಗೆ ಗೊತ್ತಾಗಿದ್ದು ಕಾಳಿಘಾಟಿನಲ್ಲಿ. ಒಂದು ತುದಿ ನಾನು ಹಿಡಿದಿದ್ದೆ, ಇನ್ನೊಂದು ತುದಿ ಸಿಸ್ಟರ್ ಒಬ್ಬರು ಹಿಡಿದಿದ್ದರು. ಅವರು ಬಲಕ್ಕೆ ತಿರುಚಿದರೆ ನಾನು ಎಡಕ್ಕೆ. ನೀರೆಲ್ಲ ಕಾಲ ಮೇಲೆ. ಹಿಂಡಿದ್ದನ್ನು ಬಕೆಟ್ಟಿಗೆ ತುಂಬಿ ತಾರಸಿಗೆ ಹೊರಬೇಕು. ಮೇಲೆ ಹೋಗಿ ನಿಂತರೆ ಪಕ್ಕದಲ್ಲೇ ಕಾಳಿ ದೇವಸ್ಥಾನ. ಗಂಟೆಯ ಸದ್ದು, ಜನರ ಗಲಾಟೆ, ಹೂವು ಮಾರುವವರ ಕೂಗು.

ಬೆಂಗಳೂರಿನಿಂದ ಒಂದೂವರೆ ದಿನ ರೈಲಿನಲ್ಲಿ ಕೂತು ಕೋಲ್ಕತ್ತಾಗೆ ಹೋಗಿದ್ದೆ. ಇದ್ದಿದ್ದು ಒಂಬತ್ತು ದಿನ. ಬೆಳಿಗ್ಗೆ ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯಲ್ಲಿ, ಮದರ್ ತೆರೇಸಾ ಅವರ ಸಂಸ್ಥೆಯ ಮುಖ್ಯ ಮನೆಯಾದ ಮದರ್ ಹೌಸಿನಲ್ಲಿ ಪೂಜೆ. ಆಮೇಲೆ ಸ್ವಯಂಸೇವಕರಿಗೆ ಬ್ರೆಡ್ಡು, ಬಾಳೆಹಣ್ಣು, ಚಹಾ. ಒಂದು ಸಣ್ಣ ಪ್ರಾರ್ಥನೆ ಮುಗಿಸಿ ಎಲ್ಲರೂ ಬಸ್ಸು ಹಿಡಿದು ಬೇರೆ ಬೇರೆ ಮನೆಗಳಿಗೆ ಹೋಗುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಕಾಳಿಘಾಟಿನ ನಿರ್ಮಲ ಹೃದಯ. ಮದರ್ ತೆರೇಸಾ ಇದನ್ನು 1952ರಲ್ಲಿ ಶುರು ಮಾಡಿದರು, ಬೀದಿಯಲ್ಲಿ ಸಾಯುತ್ತಿದ್ದವರಿಗಾಗಿ. ಈ ಕಟ್ಟಡ ಮೊದಲು ಕಾಳಿ ಗುಡಿಗೆ ಬರುವ ಯಾತ್ರಿಕರು ಉಳಿದುಕೊಳ್ಳುವ ಜಾಗವಾಗಿತ್ತು. ನಗರಪಾಲಿಕೆ ಅದನ್ನು ಬಿಟ್ಟುಕೊಟ್ಟಿತು. ಒಂದು ಗುಡಿಯ ಗೋಡೆಗೆ ಅಂಟಿಕೊಂಡೇ ಈ ಕೆಲಸ ಬೆಳೆಯಿತು ಅನ್ನೋದು ನನಗೆ ತುಂಬಾ ಹಿಡಿಸಿತು.

ನಮ್ಮೂರ ಚರ್ಚಿನಲ್ಲಿ ಪವಿತ್ರ ಗುರುವಾರದ ದಿನ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ಫಾದರ್ 12 ಜನರ ಪಾದ ತೊಳೆಯುತ್ತಾರೆ. ನಾನೂ ಒಂದು ವರ್ಷ ಆ ಸಾಲಿನಲ್ಲಿ ಕೂತಿದ್ದೆ. ಮನೆಯಲ್ಲೇ ಸೋಪು ಹಾಕಿ ಚೆನ್ನಾಗಿ ಉಜ್ಜಿ ತೊಳೆದುಕೊಂಡು ಹೋಗಿದ್ದೆ. ಎಲ್ಲರೂ ಹಾಗೇ ಬರುತ್ತಾರೆ. ಕಾಳಿಘಾಟಿನಲ್ಲಿ ಮೂರನೇ ದಿನ ಒಬ್ಬ ಅಜ್ಜನ ಕಾಲು ತೊಳೆಯುವ ಕೆಲಸ ನನಗೆ ಬಂತು. ಹಿಮ್ಮಡಿ ಒಡೆದು ಬಿರುಕಿನೊಳಗೆ ರಸ್ತೆಯ ಕಪ್ಪು ಗಟ್ಟಿಯಾಗಿ ಕೂತಿತ್ತು. ಬಿಸಿನೀರಿನಲ್ಲಿ ಬಹಳ ಹೊತ್ತು ನೆನೆಸಬೇಕಾಯಿತು. ನಾನು ಆತುರದಲ್ಲಿ ಉಜ್ಜಿದಾಗ ಅಜ್ಜ ಕಾಲು ಎಳೆದುಕೊಂಡರು. ಸಿಸ್ಟರ್ ಬಂದು ಏನೂ ಹೇಳದೆ ನನ್ನ ಪಕ್ಕ ನೆಲದ ಮೇಲೆ ಕೂತರು. ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಒಂದೊಂದೇ ಬಿರುಕನ್ನು ಒರೆಸಿದರು. ಅಜ್ಜ ಹಾಗೇ ಕಣ್ಣು ಮುಚ್ಚಿದರು. ನಾನು ಮುಗಿಸಬೇಕಾದ ಕೆಲಸ ಅಂತ ತೊಳೆಯುತ್ತಿದ್ದೆ, ಅಷ್ಟೇ. ಶಿಷ್ಯರ ಕಾಲನ್ನು ಯೇಸು ಹೇಗೆ ತೊಳೆದಿರಬಹುದು ಅಂತ ಅವತ್ತು ಮೊದಲ ಸಲ ಯೋಚಿಸಿದೆ. ನಿಧಾನವಾಗಿ ತೊಳೆದಿರಬೇಕು.

ಆ ಸಿಸ್ಟರಿನ ಸೀರೆ ಒದ್ದೆಯಾಗಿತ್ತು. ಬಿಳಿ ಹತ್ತಿ ಸೀರೆ, ಅಂಚಿನಲ್ಲಿ ಮೂರು ನೀಲಿ ಪಟ್ಟಿ. ಎರಡು ಸಣ್ಣದು, ಒಂದು ಅಗಲ. ಇದನ್ನು ಯಾರು ನೇಯುತ್ತಾರೆ ಅಂತ ಸುಮ್ನೆ ಕೇಳಿದೆ. "ಟೀಟಾಗಢಕ್ಕೆ ಹೋಗಿ ನೋಡಿ" ಅಂದರು.

ಗುರುವಾರ ಸ್ವಯಂಸೇವಕರಿಗೆ ರಜೆ. ಬೆಳಿಗ್ಗೆ ಮೊದಲು ಎಂಟಾಲಿ ಕಡೆ ನಡೆದೆ. ಅಲ್ಲಿನ ಲೊರೆಟೊ ಕಾನ್ವೆಂಟಿನ ಶಾಲೆಯಲ್ಲಿ ಮದರ್ ಭೂಗೋಳ ಕಲಿಸುತ್ತಿದ್ದರು. ಗೋಡೆಯ ಆಚೆಗೇ ಮೋತಿಝೀಲ್ ಕೊಳೆಗೇರಿ. 1948ರ ಆಗಸ್ಟ್ 17ರಂದು ಅಗ್ಗದ ಬಿಳಿ ಸೀರೆ ಉಟ್ಟು ಅವರು ಕಾನ್ವೆಂಟು ಬಿಟ್ಟು ಹೊರಟರು. ಪಟ್ನಾದಲ್ಲಿ ಸ್ವಲ್ಪ ಕಾಲ ಶುಶ್ರೂಷೆ ಕಲಿತು ಬಂದರು. ಮೋತಿಝೀಲಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು, ಕಡ್ಡಿಯಿಂದ ಮಣ್ಣಿನ ಮೇಲೆ ಬಂಗಾಳಿ ಅಕ್ಷರ ಬರೆದು ಪಾಠ ಶುರು ಮಾಡಿದರು. ನಕ್ಷೆಯಲ್ಲಿ ದೇಶಗಳನ್ನು ತೋರಿಸುತ್ತಿದ್ದ ಟೀಚರಿಗೆ ಅತಿ ದೂರದ ಪ್ರಯಾಣ ಅಂದರೆ ಆ ಒಂದು ಗೋಡೆ ದಾಟುವುದೇ ಆಗಿತ್ತೇನೋ. ನಾನು ಆ ಗೋಡೆಯ ಪಕ್ಕ ಸ್ವಲ್ಪ ಹೊತ್ತು ನಿಂತಿದ್ದೆ. ನಮ್ಮ ಚರ್ಚಿಗೂ ಇಂಥ ಕಾಂಪೌಂಡು ಇದೆ. ಅದರ ಆಚೆ ಚಿಂದಿ ಆಯುವವರ ಗುಡಿಸಲುಗಳಿವೆ. ಇಷ್ಟು ವರ್ಷದಲ್ಲಿ ಅವರಲ್ಲಿ ಒಬ್ಬರ ಹೆಸರೂ ನಾನು ಕೇಳಿಲ್ಲ.

ಆಮೇಲೆ ಸಿಯಾಲ್ದಾದಿಂದ ಲೋಕಲ್ ರೈಲು. ದಮ್‌ದಮ್, ಸೋದೆಪುರ, ಖಡದಹ ದಾಟಿದರೆ ಟೀಟಾಗಢ. ಹಳಿಯ ಪಕ್ಕದಲ್ಲೇ ಉದ್ದಕ್ಕೆ ಹಬ್ಬಿರುವ ಊರಿನಂಥ ಜಾಗ, ಹೆಸರು ಗಾಂಧೀಜಿ ಪ್ರೇಮ ನಿವಾಸ. 1958ರಲ್ಲಿ ಶುರುವಾದ ಕುಷ್ಠರೋಗಿಗಳ ನೆಲೆ. ಈಗ ಮದರ್ ಅವರ ಸಂಸ್ಥೆಯ ಬ್ರದರ್‌ಗಳು ನೋಡಿಕೊಳ್ಳುತ್ತಾರೆ. ಗಾಂಧಿಯ ಹೆಸರು ಇಲ್ಲಿಗೆ ಎಷ್ಟು ಸರಿಯಾಗಿ ಒಪ್ಪುತ್ತದೆ, ಅಲ್ವಾ? ತಮ್ಮ ಸೇವಾಗ್ರಾಮ ಆಶ್ರಮದಲ್ಲಿ, ಕುಷ್ಠ ಬಂದಿದ್ದ ಸಂಸ್ಕೃತ ಪಂಡಿತ ಪರಚುರೆ ಶಾಸ್ತ್ರಿಯವರ ಹುಣ್ಣುಗಳನ್ನು ತಾವೇ ತೊಳೆದು, ಮೈ ನೀವಿದವರು ಅವರು.

ಕುಷ್ಠ ಈಗ ಪೂರ್ತಿ ವಾಸಿಯಾಗುತ್ತದೆ. ಆರು ತಿಂಗಳೋ ಒಂದು ವರ್ಷವೋ ಮಾತ್ರೆ ತಗೊಂಡರೆ ಸಾಕು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ತಡವಾದರೆ ಸತ್ತ ನರಗಳು ವಾಪಸ್ ಬರುವುದಿಲ್ಲ. ಮೊಳೆ ಚುಚ್ಚಿದರೂ ಗೊತ್ತಾಗುವುದಿಲ್ಲ, ಬಿಸಿ ಪಾತ್ರೆ ಮುಟ್ಟಿದರೂ ಗೊತ್ತಾಗುವುದಿಲ್ಲ. ಹಾಗೇ ಗಾಯ ಬೆಳೆಯುತ್ತಾ ಹೋಗುತ್ತದೆ. ಇಷ್ಟಾದರೂ ವಾಸಿಯಾದವರನ್ನು ಎಷ್ಟೋ ಮನೆಯವರು ಒಳಗೆ ಸೇರಿಸುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಔಷಧಿ ಇದೆ, ಬಾಗಿಲು ತೆರೆಯುವವರಿಲ್ಲ.

ಮಗ್ಗದ ಮನೆಗೆ ಕಾಲಿಟ್ಟರೆ ಕಿವಿ ತುಂಬಾ ಟಕ್ ಟಕ್ ಸದ್ದು. ಸಾಲಾಗಿ ಮಗ್ಗಗಳು. ನಾನು ಒಬ್ಬ ಹಿರಿಯರ ಪಕ್ಕ ನಿಂತೆ. ಅವರ ಬಲಗೈಯ ಬೆರಳುಗಳು ಒಳಕ್ಕೆ ಮಡಿಚಿದ್ದವು. ಎಡಗೈಯಲ್ಲಿ ಎರಡು ಬೆರಳು ಮೊಟಕು. ಲಾಳಿ ಮಾತ್ರ ಒಂದು ಸಲವೂ ತಡವರಿಸಲಿಲ್ಲ. ಇದ್ದಕ್ಕಿದ್ದಂತೆ ಅವರು ಮಗ್ಗ ನಿಲ್ಲಿಸಿದರು. ಹಾಸಿನಲ್ಲಿ ಅಂಚಿನ ಒಂದು ನೀಲಿ ಎಳೆ ಕಡಿದಿತ್ತು. ನಾನು ಕಟ್ಟಿಕೊಡಲಾ ಅಂತ ಕೈ ಮುಂದೆ ಮಾಡಿದೆ. ಅವರು ತಲೆ ಅಲ್ಲಾಡಿಸಿದರು. ಒಂದು ತುದಿಯನ್ನು ತುಟಿಯಲ್ಲಿ ಹಿಡಿದು, ಇನ್ನೊಂದನ್ನು ಮಡಿಚಿದ ಬೆರಳಿನ ಸಂದಿಗೆ ಸಿಕ್ಕಿಸಿ, ಕ್ಷಣದಲ್ಲಿ ಗಂಟು ಹಾಕಿದರು. ಆಮೇಲೆ ನನ್ನ ಕೈಗೆ ಎರಡು ತುಂಡು ದಾರ ಕೊಟ್ಟು, ಮಾಡು ಅಂತ ಕಣ್ಣಲ್ಲೇ ಹೇಳಿದರು. ನನ್ನ ಗಂಟು ಎಳೆದರೆ ಬಿಚ್ಚಿಕೊಂಡಿತು. ಮತ್ತೆ ತೋರಿಸಿದರು. ಮತ್ತೆ ಬಿಚ್ಚಿತು. ನಾಲ್ಕನೇ ಸಲ ನಿಂತಿತು. ಅವರು ತಮ್ಮ ಮೊಟಕು ಕೈಯಿಂದ ನನ್ನ ಭುಜ ತಟ್ಟಿದರು. ಬೆಂಗಳೂರು ಬಿಡುವಾಗ ನಾನು ಬಡವರಿಗೆ ಏನೋ ಕೊಡಲು ಹೊರಟಿದ್ದೆ. ಇಲ್ಲಿ ಅವರೇ ನೇಯ್ದುಕೊಟ್ಟ ಸೀರೆಯನ್ನು ಸಾವಿರಾರು ಸಿಸ್ಟರುಗಳು ಉಡುತ್ತಾರೆ, ನಾನು ಅವರಿಂದ ಗಂಟು ಹಾಕುವುದನ್ನು ಕಲಿತೆ.

ಸಂಜೆ ಮದರ್ ಹೌಸಿಗೆ ವಾಪಸ್ ಬಂದೆ. ಅವರಿದ್ದ ಕೋಣೆಯನ್ನು ಬಾಗಿಲಿಂದಲೇ ನೋಡಬಹುದು. ಕಿರಿದಾದ ಮಂಚ, ಒಂದು ಮೇಜು. ಅಡುಗೆಮನೆಯ ಮೇಲಿರುವ ಕೋಣೆ, ಫ್ಯಾನಿಲ್ಲ. ಆ ಸೆಕೆಯಲ್ಲಿ ಎಷ್ಟು ವರ್ಷ ಮಲಗಿದ್ದರೋ.

ಆರಾಧನೆಗೆ ಚಾಪೆಲ್ಲಿನಲ್ಲಿ ಎಲ್ಲರೂ ನೆಲದ ಮೇಲೆ ಮಂಡಿಯೂರಿದರು. ಶಿಲುಬೆಯ ಪಕ್ಕ ಗೋಡೆಯ ಮೇಲೆ 'ನನಗೆ ಬಾಯಾರಿಕೆಯಾಗಿದೆ' ಅನ್ನುವ ಅರ್ಥದ ಇಂಗ್ಲಿಷ್ ಮಾತು. ಹೊರಗೆ ರಸ್ತೆಯಲ್ಲಿ ಬಸ್ಸುಗಳ ಹಾರ್ನು. ನನ್ನ ಮುಂದೆ ಒಬ್ಬ ಚಿಕ್ಕ ವಯಸ್ಸಿನ ಸಿಸ್ಟರ್ ಕೂತಿದ್ದರು. ಸೀರೆಗೆ ಒಂದು ಕಡೆ ತೇಪೆ ಇತ್ತು. ಸೆರಗಿನ ಅಂಚಿನಲ್ಲಿ, ಅಗಲದ ನೀಲಿ ಪಟ್ಟಿಯ ನಡುವೆ, ಸಾಸಿವೆ ಕಾಳಿಗಿಂತ ಚಿಕ್ಕದೊಂದು ಗಂಟು ಕಾಣಿಸಿತು.