ಹಸಿರು ಎಂಜಿ, ಕೆಂಪು ಎಂಜಿ

23 ನವೆಂಬರ್ 2025, ಭಾನುವಾರ ರಾತ್ರಿ
ಚಿಕ್ಕಬಳ್ಳಾಪುರ

ಅಪ್ಪನ ಪಂಚೆಗೆ ಅಮ್ಮ ಮೂರನೇ ಸಲ ಸೋಪು ಹಚ್ಚಿ ಉಜ್ಜಿದ್ಲು, ಗ್ರೀಸ್ ಕಲೆ ಹೋಗ್ಲಿಲ್ಲ. ಬೆಳಗ್ಗೆಯಿಂದ ಅಪ್ಪನ ಹತ್ರ ಮಾತು ಬಿಟ್ಟಿದಾಳೆ. ಚಿಕ್ಕಮ್ಮನ ಮೊಮ್ಮಗಳ ನಾಮಕರಣಕ್ಕೆ ಅಂತ ಮೊನ್ನೆ ತಾನೇ ತಂದಿದ್ದ ಪಂಚೆ ಅದು, ಜರಿ ಅಂಚಿಂದು. ಅದನ್ನುಟ್ಕೊಂಡೇ ಅಪ್ಪ ನಂದಿ ರಸ್ತೆ ಪಕ್ಕದ ಮಣ್ಣಲ್ಲಿ ಅಂಗಾತ ಮಲಗಿ ಯಾರದೋ ಕಾರಿನ ಅಡಿಗೆ ನುಗ್ಗಿಬಿಟ್ರು. ಅಮ್ಮನ ಕೋಪ ನ್ಯಾಯವೇ. ನಂಗೆ ಮಾತ್ರ ಅಪ್ಪನ ಮೇಲೆ ಕೋಪ ಬರ್ಲೇ ಇಲ್ಲ ಇವತ್ತು.

ಭಾನುವಾರ ಕತ್ತಲಿರೋವಾಗ್ಲೇ ಬೆಂಗಳೂರಿಂದ ಬೆಟ್ಟಕ್ಕೆ ಎಂತೆಂಥ ಗಾಡಿ ಬರ್ತವೆ ಅಂತ ಈ ಕಡೆಯೋರಿಗೆ ನಾನು ಹೇಳ್ಬೇಕಾಗಿಲ್ಲ. ನಮ್ಮ ಆಮ್ನಿ ಭೋಗನಂದೀಶ್ವರ ದೇವಸ್ಥಾನದ ಹತ್ರ ಬಂದಿತ್ತು, ಇನ್ನೂ ಮಂಜು ಕರಗಿರ್ಲಿಲ್ಲ, ಹುಣಸೇಮರದ ಕೆಳಗೆ ಎರಡು ಕಾರು ನಿಂತಿದ್ವು. ಒಂದು ಕಡು ಹಸಿರು, ಪುಟಾಣಿ, ಸ್ಪೋಕ್ ವೀಲು, ಕ್ರೋಮ್ ಬಂಪರು, ಟಾಪ್ ಮಡಚಿಟ್ಟಿದ್ರು. ಇನ್ನೊಂದು ಕೆಂಪು, ಒಳ್ಳೆ ಅಗಲ, ಬಾಗಿಲು ರೆಕ್ಕೆ ಎತ್ತಿದ ಹಾಗೆ ಮೇಲಕ್ಕೆ ತೆರ್ಕೊಂಡಿತ್ತು. ಎರಡರ ಮೂತಿ ಮೇಲೂ ಒಂದೇ ಎಂಟು ಮೂಲೆಯ ಬಿಲ್ಲೆ, ಎಂಜಿ. ಹಸಿರುದು 1965ರ ಎಂಜಿಬಿ, ಕೆಂಪುದು ಈ ವರ್ಷ ಇಂಡಿಯಾಗೆ ಬಂದಿರೋ ಎಲೆಕ್ಟ್ರಿಕ್ ಸೈಬರ್‌ಸ್ಟರ್. ಗೆಳೆಯರಿಬ್ಬರು ಸೂರ್ಯೋದಯ ನೋಡ್ಕೊಂಡು ಇಳಿದು ಬಂದು ಟೀ ಕುಡಿದಿದಾರೆ, ಆಮೇಲೆ ಹಸಿರು ಗಾಡಿ ಎದ್ದೇಳ್ತಿಲ್ಲ. ಸೆಲ್ಫ್ ಹೊಡೆದೂ ಹೊಡೆದೂ ಆ ಹುಡುಗ ಬೆವೆತು ಹೋಗಿದ್ದ, ಅಷ್ಟು ಚಳೀಲಿ.

ಅಪ್ಪ ಆಮ್ನಿ ನಿಲ್ಸಿದ್ರು. ಎರಡೇ ನಿಮಿಷ ಅಂದ್ರು. ಹಿಂದಿನ ಸೀಟಲ್ಲಿ ಅಮ್ಮ ಬೆಳ್ಳಿ ಬಟ್ಟಲು ಮಡಿಲಲ್ಲಿ ಇಟ್ಕೊಂಡು ನಿಟ್ಟುಸಿರು ಬಿಟ್ಲು, ಆ ಎರಡು ನಿಮಿಷ ಎಷ್ಟಾಗುತ್ತೆ ಅಂತ ಅವಳಿಗೆ ಮೂವತ್ತೈದು ವರ್ಷದಿಂದ ಗೊತ್ತು.

"ಸೆಲ್ಫ್ ಹೊಡೀಬೇಡಿ ಸಾರ್, ಬ್ಯಾಟ್ರಿ ಕೂತ್ಬಿಡುತ್ತೆ. ಬರೀ ಕೀ ಆನ್ ಮಾಡಿ ಸುಮ್ನಿರಿ" ಅಂದ್ರು. ಸುತ್ತ ಸೇರಿದ್ದ ಹುಡುಗರಿಗೂ ಕೈ ತೋರಿಸಿ ಸುಮ್ನಿರ್ಸಿದ್ರು. ಏನೂ ಸದ್ದಿಲ್ಲ. "ಪಂಪು ಹೊಡೀತಿಲ್ಲ, ಅದೇ ಇರೋದು" ಅಂದ್ರು. ನಂಗೂ ತಿಳೀಲಿಲ್ಲ ಮೊದಲು. ಅಪ್ಪ ಹದಿನಾಲ್ಕನೇ ವಯಸ್ಸಲ್ಲಿ ಬಿ.ಬಿ. ರೋಡಲ್ಲಿ ಕೆಲಸ ಕಲಿಸಿದ ಗುರುಗಳ ರಿಪೇರಿ ಶೆಡ್ಡಿಗೆ ಸೇರಿದಾಗ ಅಲ್ಲಿಗೆ ಒಂದು ಮಾರಿಸ್ ಮೈನರ್ ಬರ್ತಿತ್ತಂತೆ, ಅದರಲ್ಲೂ ಇದೇ ಎಸ್‌ಯು ಕಂಪನಿಯ ಕರೆಂಟ್ ಪೆಟ್ರೋಲ್ ಪಂಪು. ಕೀ ತಿರುಗಿಸಿದ ತಕ್ಷಣ ಟಿಕ್ ಟಿಕ್ ಟಿಕ್ ಅಂತ ಹೊಡ್ಕೊಳ್ಳುತ್ತೆ, ಕಾರ್ಬೋರೇಟರ್ ಬಟ್ಟಲು ತುಂಬಿದ ಮೇಲೆ ತಾನೇ ನಿಲ್ಲುತ್ತೆ, ಒಳಗೆ ಕರೆಂಟ್ ಹಾಯಿಸೋ ಪಾಯಿಂಟ್ ಸುಟ್ಟು ಅಂಟ್ಕೊಂಡ್ರೆ ಮಾತ್ರ ಸದ್ದೇ ಇಲ್ಲ. ಮೈನರ್‌ನಲ್ಲಿ ಪಂಪು ಬಾನೆಟ್ ಒಳಗೇ ಕೈಗೆ ಸಿಗುತ್ತೆ, ಇದರಲ್ಲಿ ಹುಡುಕಿದ್ರೆ ಇಲ್ಲ. ಅಪ್ಪ ಪೆಟ್ರೋಲ್ ಪೈಪ್ ಹಿಡ್ಕೊಂಡು ಹಿಂದಕ್ಕೆ ಹೋದ್ರು, ಹೋಗ್ತಾ ಹೋಗ್ತಾ ಬಲಗಡೆ ಹಿಂದಿನ ಚಕ್ರದ ಹತ್ರ ಅಡೀಲಿ ಸಿಕ್ತು. ಅಲ್ಲೇ ಮಲಗಿದ್ರು. ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ, ಎಳನೀರಲ್ಲಿ ಗಂಜಿ ಬಂದಿದೆಯಾ ಅಂತ ತಟ್ಟಿ ನೋಡ್ತಾರಲ್ಲ ಹಾಗೆ, ಎರಡು ಸಲ ತಟ್ಟಿದ್ರು.

ಟಿಕ್ ಟಿಕ್ ಟಿಕ್ ಟಿಕ್. ಆಮೇಲೆ ನಿಧಾನ ಆಗಿ ನಿಂತ್ಕೊಳ್ತು.

"ಈಗ ಹೊಡೀರಿ" ಅಂದ್ರು, ಅಡಿಯಿಂದ ಹೊರಗೆ ಬರೋಕ್ ಮುಂಚೆನೇ. ಒಂದೇ ಸಲಕ್ಕೆ ಹತ್ಕೊಳ್ತು.

ಅಲ್ಲಿಗೆ ಮುಗೀತು ಅಂತ ಹೊರಟ್ವಾ, ಇಲ್ಲ. ಸ್ಲೋ ರನ್ನಿಂಗ್, ಅಂದ್ರೆ ಗಾಡಿ ನಿಂತಿದ್ದಾಗ ಎಂಜಿನ್ ಓಡೋದು, ಸರಿಯಿಲ್ಲ ಅಂತ ಬಾನೆಟ್ ಒಳಗೆ ಬಗ್ಗಿದ್ರು. ಎರಡು ಕಾರ್ಬೋರೇಟರ್ ಪಕ್ಕಪಕ್ಕ. ಆಮ್ನಿಯಿಂದ ಒಂದು ತುಂಡು ರಬ್ಬರ್ ಟ್ಯೂಬ್ ತರಿಸ್ಕೊಂಡು ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬೋರೇಟರ್ ಬಾಯಿಗೆ. ಇದರದು ಕೇಳಿ ಅದರದು ಕೇಳಿ, ಎರಡೂ ಒಂದೇ ಥರ ಬುಸ್ ಅನ್ನೋವರೆಗೂ ಸ್ಕ್ರೂ ತಿರುಗಿಸಿದ್ರು. ಆಗ್ಲೇ ನನ್ನ ಕರೆದು ತೋರಿಸಿದ್ದು, "ನೋಡೋ, ಇದು ನಮ್ಮ ಅಂಬಾಸಿಡರ್ ಎಂಜಿನ್ನೇ ಕಣೋ." ನಿಜ. ನಮ್ಮ ಹಳೇ ಅಂಬಾಸಿಡರ್‌ದು 1489 ಸಿಸಿ, ಇದು 1798, ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸೀರೀಸ್ ಎಂಜಿನ್ನುಗಳೇ. ಅಂಬಾಸಿಡರ್ ಅಂದ್ರೇ ಮಾರಿಸ್ ಆಕ್ಸ್‌ಫರ್ಡ್, ಎಂಜಿ ಅಂದ್ರೆ ಮಾರಿಸ್ ಗ್ಯಾರೇಜಸ್. ಗ್ಯಾರೇಜ್ ಅಂತ ಹೆಸರಲ್ಲೇ ಇದೆ ಅಂದಾಗ ಅಪ್ಪನ ಮುಖ ನೋಡ್ಬೇಕಿತ್ತು. ದಾಯಾದಿ ಗಾಡಿ ಅಂದ್ರು. ಟ್ಯಾಕ್ಸಿ ರಿಪೇರಿ ಮಾಡ್ಕೊಂಡಿದ್ದ ಚಿಕ್ಕಬಳ್ಳಾಪುರದ ಮೇಸ್ತ್ರಿ ಒಬ್ಬರು, ಯಾವತ್ತೂ ಮುಟ್ಟಿರದ ಇಂಗ್ಲೆಂಡ್ ಸ್ಪೋರ್ಟ್ಸ್ ಕಾರಿಗೆ ನೇರ ಅಡುಗೆಮನೆವರೆಗೂ ಹೋಗ್ಬಿಟ್ರಲ್ಲ. ನನ್ನ ಕಣ್ಣು ತುಂಬಿ ಬಂತು.

ದುಡ್ಡು ಮುಟ್ಲಿಲ್ಲ. ಪಾಯಿಂಟ್ ಕ್ಲೀನ್ ಮಾಡಿಸ್ಕೊಳ್ಳಿ, ಇಲ್ಲಾಂದ್ರೆ ದೇವನಹಳ್ಳಿಲಿ ಮತ್ತೆ ನಿಲ್ಲುತ್ತೆ ಅಂದ್ರು ಅಷ್ಟೇ. ಅದಕ್ಕೆ ಕೆಂಪು ಗಾಡಿ ಹುಡುಗ ಒಂದು ರೌಂಡ್ ಬನ್ನಿ ಅಂಕಲ್ ಅಂತ ಕೂರಿಸ್ಕೊಂಡು ಹೋದ. ಎರಡು ಮೋಟ್ರು, 510 ಪಿಎಸ್ ಶಕ್ತಿ, ಸೊನ್ನೆಯಿಂದ ಗಂಟೆಗೆ ನೂರು ಕಿಲೋಮೀಟರಿಗೆ 3.2 ಸೆಕೆಂಡು. ಹಳೇದಕ್ಕೆ ಗಂಟೆಗೆ 60 ಮೈಲಿ ಮುಟ್ಟೋಕೇ ಹೆಚ್ಚುಕಡಿಮೆ 12 ಸೆಕೆಂಡು ಬೇಕು. ಅಪ್ಪ ಹೊಸ ಗಾಡೀನ ಆಡ್ಕೋತಾರೆ ಅಂತಲೇ ನಾನು ಕಾಯ್ತಿದ್ದೆ. ಇಳಿದು ಬಂದು ಎದೆ ಮೇಲೆ ಕೈ ಇಟ್ಕೊಂಡು, "ಅಬ್ಬಾ, ಏನ್ ಎಳೆತ ಕಣಪ್ಪಾ, ಬೆನ್ನು ಸೀಟಿಗೆ ಅಂಟ್ಕೊಂಡ್ಬಿಡ್ತು" ಅಂದ್ರು. ಆಮೇಲೆ ಕೂತು ಅಡಿಗೆ ಇಣುಕಿದ್ರು. ಪೂರ್ತಿ ಸಪಾಟು ಮುಚ್ಚಳ. ಒಳಗೆ 77 ಕಿಲೋವ್ಯಾಟ್ ಅವರ್ ಬ್ಯಾಟರಿ ಇದೆ ಅಂದೆ. ಹೂಂ ಅಂದ್ರು. ಮುಚ್ಚಳಾನ ಬೆರಳಲ್ಲಿ ಒಂದ್ಸಲ ತಟ್ಟಿದ್ರು, ಎದ್ದು ಕೈ ಒರೆಸ್ಕೊಂಡ್ರು.

ನಾಮಕರಣಕ್ಕೆ ಮುಕ್ಕಾಲು ಗಂಟೆ ಲೇಟು. ಹೆಸರು ಆಗ್ಲೇ ಇಟ್ಟಾಗಿತ್ತು. ಹೋಳಿಗೆ ಚೆನ್ನಾಗಿತ್ತು.

ಸಂಜೆ ಕಾಫಿ ಕುಡೀತಾ ಶೆಡ್ಡಲ್ಲಿ ಕೂತಿದ್ವಿ. ನಾನು ಯಲಹಂಕ ಕಡೆ ಎಲೆಕ್ಟ್ರಿಕ್ ಸರ್ವಿಸ್ ಸೆಂಟರ್ ಸೇರಿ ನಾಲ್ಕು ತಿಂಗಳಾಯ್ತು ಅಂತ ಹಿಂದೆ ಬರೆದಿದ್ದೆ. ಹೈ ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ ಕಂಡ್ರೆ ರಬ್ಬರ್ ಗ್ಲೌಸ್ ಇಲ್ಲದೆ ಮುಟ್ಟೋ ಹಾಗಿಲ್ಲ, ಬ್ಯಾಟ್ರಿ ಸಂಪರ್ಕ ಕಡಿಯೋ ಸರ್ವಿಸ್ ಪ್ಲಗ್ ಕಿತ್ತು, ಕೆಪಾಸಿಟರಲ್ಲಿ ಉಳಿದ ಕರೆಂಟ್ ಖಾಲಿ ಆಗೋವರೆಗೂ ಕಾದು, ಮೀಟರಲ್ಲಿ ಸೊನ್ನೆ ನೋಡಿ ಆಮೇಲೆ ಕೈ ಹಾಕ್ಬೇಕು. ಬಹಳ ಸಲ ಲ್ಯಾಪ್‌ಟಾಪ್ ಚುಚ್ಚಿದ್ರೆ ಅದೇ ಹೇಳುತ್ತೆ ಏನಾಗಿದೆ ಅಂತ. ಪಾರ್ಟ್ ಬದಲಾಯಿಸ್ತೀವಿ. ಬಿಚ್ಚಿ ನೋಡೋದು ಅಂತ ಇಲ್ಲ.

"ಹಸಿರು ಗಾಡಿಗೆ ಈ ವರ್ಷ ಷಷ್ಟಿಪೂರ್ತಿ" ಅಂದ್ರು ಅಪ್ಪ. "ಕೆಂಪುದಕ್ಕೆ ಅರವತ್ತಾದಾಗ ರೋಡಲ್ಲಿ ನಿಂತ್ರೆ ಯಾರಪ್ಪ ನೋಡೋರು?"

ಮೋಟ್ರಲ್ಲಿ ಸವೆಯೋ ಭಾಗವೇ ಕಡಿಮೆ ಅಪ್ಪ, ಅಷ್ಟು ಸುಲಭಕ್ಕೆ ನಿಲ್ಲಲ್ಲ ಅಂದೆ. ಮತ್ತೆ ಬ್ಯಾಟ್ರಿ? ಅಂದ್ರು. ಅದು ನಿಂತಲ್ಲೇ ನಿಂತಿದ್ರೂ ವಯಸ್ಸಾಗುತ್ತೆ, ಆಗ ಹೊಸ ಪ್ಯಾಕ್ ಹಾಕ್ಬೇಕು, ಹಾಕಿದ್ರೂ ಸಾಲಲ್ಲ, ಗಾಡಿ ಸಾಫ್ಟ್‌ವೇರ್ ಅದನ್ನ ಗುರುತಿಸ್ಬೇಕು ಅಂದೆ.

"ಅಂದ್ರೆ ನೆಂಟರನ್ನ ಒಳಗೆ ಬಿಟ್ಕೊಳ್ಳಲ್ಲ ಅನ್ನು."

ನನ್ನ ಹತ್ರ ಉತ್ತರ ಇರ್ಲಿಲ್ಲ. ಕರೆಂಟ್ ಗಾಡಿ ಅನ್ನೋದಕ್ಕೆ ಅಪ್ಪ ಹಾಗಂದಿದ್ದಲ್ಲ. ನಮ್ಮ ಬೆಂಗಳೂರಲ್ಲೇ 2001ರಲ್ಲಿ ರೇವಾ ಅನ್ನೋ ಕರೆಂಟ್ ಕಾರು ಬಂತಲ್ಲ, ಇಲ್ಲಿ ಡಾಕ್ಟರೊಬ್ಬರು ಒಂದನ್ನ ಇಟ್ಕೊಂಡಿದ್ರು, ಅದರಲ್ಲಿ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ, ಅಪ್ಪ ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ, ಕೆಟ್ಟಿದ್ದೊಂದನ್ನ ಬದಲಾಯಿಸಿ ಓಡಿಸಿಕೊಟ್ಟಿದ್ದು ನಾನೇ ನೋಡಿದೀನಿ. ಇವತ್ತಿನ ಹಸಿರು ಗಾಡೀಲೂ ಸೀಟಿನ ಹಿಂದೆ 6 ವೋಲ್ಟಿಂದೇ ಎರಡಿದ್ವು. ಹಾಗಿದ್ಮೇಲೆ ಭಯ ಕರೆಂಟಿಂದಲ್ಲ, ಮುಚ್ಚಳದ್ದು. ಸುರಕ್ಷತೆಗೆ ಮುಚ್ಚಿರೋದು, ಸರಿ, ನಾನೂ ಅದನ್ನೇ ಕಲ್ತಿರೋದು, ಆದ್ರೆ ನನ್ನ ಮಗ ಯಾವತ್ತಾದ್ರೂ ರೋಡಲ್ಲಿ ಯಾರಿಗೋಸ್ಕರ ಹಾಗೆ ಮಣ್ಣಲ್ಲಿ ಮಲಗ್ತಾನಾ, ಮಲಗಿದ್ರೂ ಏನು ತಟ್ತಾನೆ.

ಸುಮ್ನಿರಲಾರದೆ, ಇಂಗ್ಲೆಂಡಲ್ಲಿ ಈಗ ಹಳೇ ಎಂಜಿಬಿ ಎಂಜಿನ್ ಇಳಿಸಿ ಮೋಟ್ರು ಬ್ಯಾಟ್ರಿ ಕೂರಿಸ್ಕೊಡ್ತಾರೆ ಅಪ್ಪ, ಅದೇ ಒಂದು ವ್ಯಾಪಾರ ಅಂದೆ. ಬೇಜಾರು ಮಾಡ್ಕೋತಾರೆ ಅಂದ್ಕೊಂಡೆ. ಲೋಟ ಕೆಳಗಿಟ್ರು.

"ಇಳಿಸಿದ ಎಂಜಿನ್ ಏನ್ ಮಾಡ್ತಾರೋ?"

ಗೊತ್ತಿಲ್ಲಪ್ಪ, ಮಾರ್ತಾರೇನೋ ಅಂದೆ.

ನಮ್ಮ ಅಂಬಾಸಿಡರ್ ಬ್ಲಾಕ್ ಸೀಳಿ ನಾಲ್ಕು ವರ್ಷದಿಂದ ಎಂಜಿನ್ ಇಲ್ಲದೆ ಮೂಲೇಲಿ ನಿಂತಿದೆಯಲ್ಲ. ಊಟ ಆದ್ಮೇಲೆ ಅಪ್ಪ ಕಾಣ್ಲಿಲ್ಲ. ಈಗ ಹನ್ನೊಂದು ಗಂಟೆ, ಶೆಡ್ಡಲ್ಲಿ ಲೈಟ್ ಹತ್ತಿದೆ, ಬಾನೆಟ್ ಎತ್ತಿದ ಸದ್ದಾಯ್ತು, ಟೇಪ್ ಹಿಡ್ಕೊಂಡು ಎಂಜಿನ್ ಕೂರೋ ಮೌಂಟಿಂಗ್ ಅಳತೆ ತಗೋತಿದಾರೆ. ಟಾರ್ಚ್ ಹಿಡ್ಕೊಳ್ಳೋಕೆ ಕರೀತಿದಾರೆ, ಹೋಗಿ ಬರ್ತೀನಿ